ಪೊರಕೆ ಮುಟ್ಟದ ನೆಲ

ಈ ಕಥೆ ಹೇಳುವುದಕ್ಕೆ ನಾನು ತಕ್ಕವನಲ್ಲ. ಆ ಅಂಗಡಿಯ ಹಲಗೆಯ ಮೇಲೆ ಕೂತವರೇ ಹೇಳಬೇಕಿತ್ತು. ಅವರಲ್ಲಿ ಬಹಳ ಮಂದಿ ಕೆಮ್ಮಿ ಕೆಮ್ಮಿ ಹೋದರು. ಉಳಿದವರ ಬಾಯಿಂದ ಕೇಳಿದ್ದನ್ನು ಹೇಳುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

“ಬಾಯಿ ತೆಗಿಯೋ ಹಡಗಪ್ಪ. ನಾಲಿಗೆ ಎತ್ತು.”

ಚಿನ್ನದ ಗಣಿಯ ಕಾವಲು ಸಾಹೇಬ ಬೆತ್ತದ ತುದಿಯನ್ನು ಅಂಗಡಿಯವನ ಬಾಯಿಗೆ ತುರುಕಿ ಆಡಿಸಿದ. ಹಡಗಿಳಿದು ಬಂದು ಹನ್ನೊಂದು ವರ್ಷವಾದರೂ ಅಂಗಡಿಯವನಿಗೆ ಹಡಗಪ್ಪ ಎನ್ನುವ ಹೆಸರೇ ಅಂಟಿಕೊಂಡಿತ್ತು. ಸೋಪು, ಮೇಣದಬತ್ತಿ, ಹಿಟ್ಟು, ಹೊಗೆಸೊಪ್ಪು ಮಾರುತ್ತಿದ್ದ. ಜಾಗ ಕಂಪನಿಯದು. ಒಳಗೆ ಒಂದು ಚೂರು ಕಚ್ಚಾ ಚಿನ್ನ ಸಿಕ್ಕರೂ ಗಂಡ ಹೆಂಡತಿ ಮರುದಿನವೇ ಊರು ಬಿಡಬೇಕು. ಅದು ಕರಾರು.

“ಇಲ್ಲೇನೂ ಇಲ್ಲ ಸಾಹೇಬ್ರೆ,” ಎಂದ, ಬೆತ್ತ ಹೊರಬಂದ ಮೇಲೆ.

“ಮೇಲಿಲ್ಲ ಬೋಳಿಮಗನೆ. ಕೆಳಗಿದೆ.” ಸಾಹೇಬ ಬೂಟುಗಾಲಲ್ಲಿ ನೆಲ ಕುಟ್ಟಿದ. “ಅಗೀರೋ ಇಲ್ಲಿ!”

ಹಡಗಪ್ಪ ತನ್ನ ಕಾಲಡಿಯ ನೆಲ ನೋಡಿದ.

ಹಡಗಪ್ಪ ಅಂಗಡಿ ತೆರೆದ ಹೊಸದರಲ್ಲೇ ಪಕ್ಕದ ಓಣಿಯ ಅಂಗಡಿಯವನೊಬ್ಬ ಆಳುಗಳ ಬಟ್ಟೆಯಿಂದ ಉದುರಿದ ಧೂಳನ್ನು ಗುಡಿಸಿ, ತೊಳೆದು, ಚಿನ್ನ ತೆಗೆಯುತ್ತಿದ್ದನೆಂದು ಅವನನ್ನು ಚರ್ಮ ಸುಲಿಯುವಂತೆ ಹೊಡೆದು ಓಡಿಸಿದ್ದರು. ಅಂದಿನಿಂದ ಹಡಗಪ್ಪ ತನ್ನ ಮಣ್ಣಿನ ನೆಲಕ್ಕೆ ಪೊರಕೆ ಮುಟ್ಟಿಸಿರಲಿಲ್ಲ. ಗಣಿಯಿಂದ ಮೇಲೆ ಬಂದವರು ಹಲಗೆಯ ಮೇಲೆ ಕೂತು ಅಂಗಿ ಕೊಡವುತ್ತಿದ್ದರು. ಅವರು ಎದ್ದು ಹೋದ ಮೇಲೆ ಬಾಗಿಲು ಹಾಕಿ, ನೀರು ಚಿಮುಕಿಸಿ, ಮರದ ಕೊಡತಿಯಿಂದ ಧೂಳನ್ನು ಅಲ್ಲೇ ಬಡಿದು ಕೂರಿಸುತ್ತಿದ್ದ.

“ರೀ, ಬೀದಿಗೆ ಗುಡಿಸಿ ಬಿಸಾಕಬಾರ್ದಾ?” ಎಂದು ಹೆಂಡತಿ ಎಷ್ಟೋ ಸಲ ಕೇಳಿದ್ದಳು.

“ಕೈಯಲ್ಲಿ ಪೊರಕೆ ಕಂಡ್ರೆ ಸಾಕು ಕಣೆ, ಕಳ್ಳ ಅಂತಾರೆ. ಸುಮ್ನಿರು.”

ಬೀದಿಗೆ ಹಾಕಿದ್ದರೆ ಗಾಳಿ ಒಯ್ಯುತ್ತಿತ್ತು. ಹೆದರಿ ಹೆದರಿ ಹನ್ನೊಂದು ವರ್ಷದ ಧೂಳನ್ನು ಕಾಲಡಿಯಲ್ಲೇ ಕೂಡಿಹಾಕಿದ್ದ. ಇದು ಗೊತ್ತಿದ್ದದ್ದು ಇಬ್ಬರಿಗೆ: ಹೆಂಡತಿಗೆ, ಮತ್ತು ಆ ಕೊಡತಿ ಕೆತ್ತಿಕೊಟ್ಟ ಮುದಿ ಗಣಿಯಾಳು ಕೆಮ್ಮಪ್ಪನಿಗೆ.

ಸಾಹೇಬನ ಕಾವಲಿನವರು ನೆಲ ಅಗೆಯುತ್ತಿದ್ದಾಗ ಕೆಮ್ಮಪ್ಪ ಹಲಗೆಯ ಮೇಲೆ ಕೂತು ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದ. ಹೋದ ವಾರವಷ್ಟೇ ಅವನ ಅಳಿಯನಿಗೆ ಗೇಟಿನ ಕಾವಲು ಕೆಲಸ ಸಿಕ್ಕಿತ್ತು. ಸುಮ್ಮನೆ ಸಿಕ್ಕೀತೆ? ಹೆಂಡತಿ ಹಿಟ್ಟಿನ ಮೂಟೆಗೆ ಒರಗಿ ನಿಂತಿದ್ದಳು. ಮೊನ್ನೆ ಸಾಹೇಬನ ಮನೆಗೆ ಸೋಪು ಕೊಡಲು ಹೋದವಳು ಬರುವಷ್ಟರಲ್ಲಿ ಒಲೆಯ ಬೆಂಕಿ ಆರಿಹೋಗಿತ್ತು. ಈಗ ಅವಳ ಮುಖದಲ್ಲಿ ಗಾಬರಿಯೇ ಇಲ್ಲವಲ್ಲ, ಯಾಕೆ?

ಕಾವಲಿನವರು ಅಗೆದ ಮಣ್ಣನ್ನು ಬೋಗುಣಿಯಲ್ಲಿ ಕದಡಿ, ಕೆಸರನ್ನು ಬಸಿದರು. ತಳದಲ್ಲಿ ಹಳದಿಯ ಎಳೆಯೊಂದು ಉಳಿಯಿತು.

“ಇದೇನೋ? ನಿಮ್ಮಪ್ಪ ಬಿತ್ತಿದ ಅರಿಶಿನಾನಾ?”

“ನೆಲ ನಿಮ್ದೇ ಅಲ್ವಾ ಸಾಹೇಬ್ರೆ? ನಿಮ್ಮ ನೆಲದಲ್ಲಿ ನಿಮ್ಮ ಚಿನ್ನ ಇದ್ರೆ ನಾನ್ಹೇಗೆ ಕಳ್ಳ ಆದೆ?”

“ನೆಲ ನಮ್ದು. ಕಳ್ಳತನ ನಿಂದು. ನಾಳೆ ಮಧ್ಯಾಹ್ನದೊಳಗೆ ಗಂಟುಮೂಟೆ ಕಟ್ಟು.”

ಆಗ ಹೆಂಡತಿ ಬಂದು ಸಾಹೇಬನ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನ ಪಾದ ಹಿಡಿದಳು.

ಸಾಹೇಬ ನಕ್ಕ. “ಕಾಲಿಗೆ ಬಿದ್ರೆ ಬಿಡ್ತೀನಾ?”

“ಬಿದ್ದಿಲ್ಲ ಸ್ವಾಮಿ. ಬೂಟು ಹಿಡ್ಕೊಂಡಿದೀನಿ.” ಸೋಪು ಕತ್ತರಿಸುವ ಚಾಕುವಿನಿಂದ ಬೂಟಿನ ಅಡಿಯ ಮಣ್ಣನ್ನು ಕೆರೆದು ಬೇರೊಂದು ಬೋಗುಣಿಗೆ ಹಾಕಿದಳು. “ನೀವೂ ಗಣಿಯಿಂದ್ಲೇ ಬಂದ್ರಿ ತಾನೆ? ಇದನ್ನೂ ತೊಳೆದು ನೋಡಿ. ಅಣ್ಣಾ, ನೀರು ಹಾಕು.”

ಕೆಮ್ಮಪ್ಪ ಎದ್ದು ನೀರು ಹೊಯ್ದ. ಬಾಗಿಲಲ್ಲಿ ಸೇರಿದ್ದ ಗಣಿಯಾಳುಗಳೆಲ್ಲ ಕತ್ತು ಚಾಚಿದರು. ಅವಳು ಬೋಗುಣಿ ತಿರುಗಿಸಿದಳು, ಒಮ್ಮೆ, ಇನ್ನೊಮ್ಮೆ. ಸಾಹೇಬ ಝಾಡಿಸಿ ಒದ್ದ. ಬೋಗುಣಿ ಗೋಡೆಗೆ ಬಡಿದು ಬೋರಲಾಯಿತು.

“ಯಾಕೆ ಒದ್ದ ನನ್ಮಗ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ!” ಬಾಗಿಲ ಗುಂಪಿನಿಂದ ಯಾರೋ ಎಂದರು. ನಗು ಎದ್ದಿತು.

ಹಡಗಪ್ಪ ಗೋಡೆಗೆ ತೂಗುಹಾಕಿದ್ದ ಮಾರಾಟದ ಪೊರಕೆಗಳಲ್ಲಿ ಒಂದನ್ನು ಎಳೆದುಕೊಂಡ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಗುಡಿಸಿದ. ಅಗೆದ ಮಣ್ಣು, ಕೆಸರು, ಹಳದಿ ಎಲ್ಲವನ್ನೂ ಸಾಹೇಬನ ಬೂಟಿನ ಮೇಲೆ ಹಾಯಿಸಿ ಬೀದಿಗೆ ತಳ್ಳಿದ. ಬೆತ್ತದೇಟು ಬೆನ್ನಿಗೆ ಬೀಳುತ್ತಲೇ ಇತ್ತು. ಅವನು ಮೂಲೆಮೂಲೆಯನ್ನೂ ಬಿಡಲಿಲ್ಲ.

ಮರುದಿನ ಪೆಟ್ಟಿಗೆಯ ಒಂದು ತುದಿಯನ್ನು ಹೆಂಡತಿ ಎತ್ತಿದಳು. ಇನ್ನೊಂದಕ್ಕೆ ಕೆಮ್ಮಪ್ಪ ಕೈಹಾಕಿದ. ಬಾಸುಂಡೆ ಬಂದ ಬೆನ್ನು ಬಗ್ಗಿಸಲಾರದೆ ಹಡಗಪ್ಪ ಹಿಂದೆ ನಡೆದ. ಒಮ್ಮೆ ಇವಳ ಕತ್ತು, ಒಮ್ಮೆ ಅವನ ಕತ್ತು ನೋಡುತ್ತಾ ನಡೆದ. ಗುಟ್ಟು ಬಿಟ್ಟುಕೊಟ್ಟದ್ದು ಯಾರೆಂದು ಇಬ್ಬರನ್ನೂ ಕೇಳಲಿಲ್ಲ.

ಎರಡನೆಯ ಬೋಗುಣಿಯಲ್ಲಿ ಹಳದಿ ಇತ್ತು ಎನ್ನುವವರಿದ್ದಾರೆ, ಬರೀ ಕೆಸರು ಎನ್ನುವವರೂ ಇದ್ದಾರೆ. ನೆಲದ ಗುಟ್ಟು ಸಾಹೇಬನಿಗೆ ಹೇಳಿದ್ದು ಯಾರೆಂದು ನಾನು ಕೇಳಿದವರೆಲ್ಲರೂ ಮೊದಲು ಪಕ್ಕದಲ್ಲಿ ಕೂತವರ ಮುಖ ನೋಡಿದರು. ನನಗೆ ಗೊತ್ತಿಲ್ಲ.