ಬಿಗಿಯಾಗದ ಕವಚ

ನಾನು ಒಂದು ವೈರಸ್ಸಿನ ಖಾಲಿ ಕವಚ. ನಮ್ಮ ಕುಲದವರು ಪತಂಗದ ಮರಿಹುಳುಗಳ ಹೊಟ್ಟೆಯಲ್ಲಿ ಹುಟ್ಟುತ್ತಾರೆ. ನಾನು ಮಾತ್ರ ಹುಟ್ಟಿದ್ದು ಧಾರವಾಡದ ಒಂದು ಪ್ರಯೋಗಾಲಯದಲ್ಲಿ, ಗಾಜಿನ ಕುಪ್ಪಿಯಲ್ಲಿ ಬೆಳೆಸಿದ ಕೀಟದ ಜೀವಕೋಶವೊಂದರೊಳಗೆ. ಒಂದೇ ಅಚ್ಚಿನ ಇನ್ನೂರ ನಲವತ್ತು ಪ್ರೋಟೀನ್ ತುಂಡುಗಳಾದ ನಾವು ಯಾರೂ ಹೇಳದೆಯೇ ಒಂದಕ್ಕೊಂದು ತಗುಲಿಕೊಂಡು ಚೆಂಡಾದೆವು. ಉಬ್ಬಿದ, ಸಂದುಸಂದಾದ ಚೆಂಡು. ಬಿಗಿಯಾಗಲು ನಮಗೆ ಚೂರು ಹುಳಿ, ಅಂದರೆ ಆಮ್ಲ, ಬೇಕು.

ಆ ಹುಳಿಯೇ ಸಿಗಲಿಲ್ಲ!

ನನ್ನನ್ನು ಬೆಳೆಸಿದವಳು ಸಂಶೋಧಕಿ ಇಂದುಮತಿ ಕಡಕೋಳ. ಇಂಥ ಕವಚದೊಳಗೆ ಔಷಧಿ ತುಂಬಿ ಸಾಗಿಸಬೇಕೆಂಬುದು ಅವಳ ಹಟ. ಹುಳಿ ದ್ರಾವಣ ಎಂದುಕೊಂಡು ನನ್ನನ್ನು ಯಾವುದರಲ್ಲೋ ಮುಳುಗಿಸಿದಳು. ಬರೀ ಸಪ್ಪೆ. ನನ್ನ ಹಿಂದಿನ ಹತ್ತು ತಂಡಗಳದ್ದೂ ಇದೇ ಗತಿ.

"ಇನ್ನೇನ್ ಮಾಡ್ಲಿ ನಿಮಗ? ಎಂಟ ತಿಂಗಳಾತು!" ಎಂದು ಟ್ಯೂಬಿಗೇ ಬೈದಳು. ಬಾಯಿದ್ದಿದ್ದರೆ ನಾನೂ ಬೈಯುತ್ತಿದ್ದೆ.

ಉಪಕರಣ ನೋಡಿಕೊಳ್ಳುವ ಮಲ್ಲೇಶಪ್ಪನವರು ಹುಳಿ ಅಳೆಯುವ ಮೀಟರಿನತ್ತ ಕೈ ತೋರಿಸಿದರು. "ನಿಮಗ ಬೇಕಾದ ಐದನ್ನೇ ತೋರಸ್ತೈತಲ್ರೀ. ನಿಮ್ಮ ಪ್ರೋಟೀನೇ ಸರಿಯಿಲ್ಲ."

ಬರುವ ಸೋಮವಾರ ಈ ಕೆಲಸ ನಿಲ್ಲಿಸುವುದಾಗಿ ಪ್ರಯೋಗಾಲಯದ ಮುಖ್ಯಸ್ಥರು ಹೇಳಿಬಿಟ್ಟರು. ಉಳಿದದ್ದು ನನ್ನ ಟ್ಯೂಬೊಂದೇ. ಶನಿವಾರ ಮಧ್ಯಾಹ್ನ ಅದನ್ನೂ ಚೆಲ್ಲಲು ಇಂದುಮತಿ ಸಿಂಕಿನ ತನಕ ಬಂದಳು. ಏನನ್ನಿಸಿತೋ, ತಿರುಗಿ ಹೋಗಿ ಹುಳಿ ಪರೀಕ್ಷಿಸುವ ಕಾಗದದ ಪಟ್ಟಿ ಹುಡುಕಿ ತಂದು ದ್ರಾವಣಕ್ಕೆ ಅದ್ದಿದಳು. ಕಿತ್ತಳೆ ಬಣ್ಣಕ್ಕೆ ತಿರುಗಬೇಕಿದ್ದ ಕಾಗದ ಹಸಿರಾಯಿತು; ಹುಳಿಯೇ ಇರಲಿಲ್ಲ.

"ಮಲ್ಲೇಶಪ್ಪಾರ! ಈ ಮೀಟರ್ ಯಾವಾಗಿಂದ ಕೆಟ್ಟೈತ್ರಿ?"

ಅವರು ಮೀಟರನ್ನು ಎತ್ತಿಕೊಂಡು ಹೊರಗೆ ನಡೆದರು.

ಕಾಗದವನ್ನೇ ನಂಬಿ ಅವಳು ಹೊಸ ದ್ರಾವಣ ಮಾಡಿದಳು. ಅದು ತಾಗಿದ್ದೇ ತಡ, ನಾವೆಲ್ಲ ಒಟ್ಟಿಗೆ ಸರಿದು ಕುಗ್ಗಿದೆವು, ಸಂದು ಮುಚ್ಚಿತು. ಸಂಜೆಯ ಹೊತ್ತಿಗೆ ಒಂದೊಂದು ತುಂಡೂ ಒಳಗಿನಿಂದ ತನ್ನನ್ನು ತಾನೇ ಕತ್ತರಿಸಿಕೊಂಡಿತು. ಆ ಕತ್ತರಿಕೆಯೇ ನಮಗೆ ಬೀಗ; ಇನ್ನು ಮತ್ತೆ ಉಬ್ಬುವಂತಿಲ್ಲ.

ಸೋಮವಾರ ಸೂಕ್ಷ್ಮದರ್ಶಕದ ಚಿತ್ರ ನೋಡಿ ಮುಖ್ಯಸ್ಥರು ಮುಂದುವರಿಸಲು ಒಪ್ಪಿದರು. ಕೆಲಸ ಉಳಿಯಿತು.

ಈಗ ಆ ಚಿತ್ರಕ್ಕೆಂದು ನನ್ನನ್ನಿಟ್ಟ ತಾಮ್ರದ ಸಣ್ಣ ಜಾಲರಿಗೆ ಒಣಗಿ ಅಂಟಿಕೊಂಡು ಅವಳ ಡ್ರಾವರಿನಲ್ಲಿ ಬಿದ್ದಿದ್ದೇನೆ. ಮೊನ್ನೆ ಮಲ್ಲೇಶಪ್ಪನವರು ಬಂದು ತಗ್ಗಿದ ದನಿಯಲ್ಲಿ, "ಮೊದಲಿಂದ್ಲೂ ಗೊತ್ತಿತ್ರಿ. ಮೀಟರ್ ಒಡದದ್ದು ನನ್ನ ಕೈಯಾಗ. ಹೇಳಾಕ ಹೆದರಿದೆ" ಎಂದರು.

ಇಂದುಮತಿ ಬೈಯಲಿಲ್ಲ. ಕುರ್ಚಿ ಎಳೆದುಕೊಟ್ಟಳು.

ಬೇಕಾದದ್ದು ಸಿಕ್ಕ ಕ್ಷಣ ನಾವು ಇನ್ನೂರ ನಲವತ್ತು ತುಂಡು ಒಟ್ಟಿಗೆ ಸರಿದೆವು. ಈ ಇಬ್ಬರ ನಡುವೆ ಒಂದು ನಿಜದ ಮಾತು ಬರಲು ಇಷ್ಟು ದಿನ ಬೇಕಾಯಿತು.