ಇತರೆ ತೂಕ

ಹದಿನೇಳನೆಯ ಕಬ್ಬಿಣದ ಗಟ್ಟಿಯನ್ನು ಲಿಫ್ಟಿನೊಳಗೆ ಇಳಿಸುವಾಗ ಅವನಿಗೆ ನಗು ಬಂತು.

"ನಗ್ತೀಯೇನೋ ಸ್ಟೈಪೆಂಡು? ಇನ್ನೂ ಒಂಬತ್ತಿದೆ. ಸೊಂಟ ಹಿಡ್ಕೊಂಡ ಮೇಲೆ ನಗು ನೋಡೋಣ," ಅಂದ ಮೆಕ್ಯಾನಿಕ್.

ನಗು ಬಂದದ್ದು ಹೆಲ್ಪರ್ ಬಂದಿಲ್ಲವೆಂದು. ಹೆಂಡತಿಗೆ ಹೆರಿಗೆ ನೋವು, ನಸುಕಿನಲ್ಲೇ ಆಸ್ಪತ್ರೆಗೆ ಓಡಿದ್ದಾನೆ. ಸುದ್ದಿ ಕೇಳಿದೊಡನೆ ಇವನ ಎದೆಯಲ್ಲಿ ಏನೋ ಹಗುರಾಗಿತ್ತು. ಒಬ್ಬಳು ನೋವು ತಿನ್ನುತ್ತಿರುವಾಗ ಹಗುರಾಗುವುದೇ ಎಂದು ಆಮೇಲೆ ನಾಚಿಕೆಯಾಯಿತು. ನಾಚಿಕೆಯಾದರೂ ಹಗುರ ಹೋಗಲಿಲ್ಲ.

ಇವತ್ತು ಕೊನೆಯ ದಿನ. ಯುವಕರಿಗೆ ಕೆಲಸದ ಅನುಭವ ಕೊಡುವ ಯೋಜನೆ, ಹನ್ನೊಂದು ತಿಂಗಳು. ಲಿಫ್ಟ್ ಕಂಪನಿಗೆ ಬಂದ ಮೊದಲ ದಿನ ಅವನು ಆದೇಶದ ಕಾಗದ ತೋರಿಸಿದಾಗ ಮೆಕ್ಯಾನಿಕ್ ಅದರಲ್ಲಿ ಒಂದೇ ಪದವನ್ನು ಗಟ್ಟಿಯಾಗಿ ಓದಿದ್ದ: ಸ್ಟೈಪೆಂಡು. ಅದೇ ಹೆಸರಾಯಿತು. ಕಾಗದದಲ್ಲಿ ಇನ್ನೊಂದು ಸಾಲೂ ಇತ್ತು: ಈ ಮೊತ್ತ ಸಂಬಳವಲ್ಲ, ಪಡೆಯುವವನು ನೌಕರನಲ್ಲ. ಆ ಸಾಲನ್ನು ಅವನು ಅಮ್ಮನಿಗೆ ಓದಿ ಹೇಳಿರಲಿಲ್ಲ. ಅಮ್ಮ ಎಲ್ಲರ ಹತ್ತಿರ "ನಮ್ಮವನ ಸಂಬಳ" ಅನ್ನುತ್ತಿದ್ದಳು.

ನಿನ್ನೆ ಆಫೀಸಿನ ಗುಮಾಸ್ತೆ ಫೈಲಿನಿಂದ ತಲೆ ಎತ್ತದೆ ಹೇಳಿದ್ದಳು: "ಖಾಯಂ ಆಗೋಕೆ ಒಂದೇ ಒಂದು ತಪಾಸಣೆ ವರದಿ ಬೇಕು. 'ಕೆಲಸ ಮಾಡಿದವರು' ಅಂತಿರೋ ಕಡೆ ನಿನ್ನ ಹೆಸರಿರ್ಬೇಕು. ನಾಳೆ ಐದರೊಳಗೆ ತಂದ್ರೆ ಸಾಹೇಬ್ರ ಮುಂದೆ ಇಡ್ತೀನಿ. ಇಲ್ದಿದ್ರೆ ನಾನೇನ್ ಮಾಡ್ಲಿ, ಹೇಳು."

ವರದಿಯಲ್ಲಿ ಕೆಲಸ ಮಾಡಿದವರಿಗೆ ಎರಡೇ ಸಾಲು. ಒಂದು ಮೆಕ್ಯಾನಿಕ್‌ನದು, ಇನ್ನೊಂದು ಹೆಲ್ಪರ್‌ನದು. ಹನ್ನೊಂದು ತಿಂಗಳೂ ಆ ಎರಡು ಸಾಲು ತುಂಬಿಯೇ ಇದ್ದವು. ಇವತ್ತು ಒಂದು ಖಾಲಿ.

ಖಾಯಂ ಆದವರಿಗೆ ನೀಲಿ ಶರ್ಟು, ಜೇಬಿನ ಮೇಲೆ ದಾರದಲ್ಲಿ ಹೊಲಿದ ಹೆಸರು. ಮೆಕ್ಯಾನಿಕ್ ಬಗ್ಗಿದಾಗಲೆಲ್ಲ ಆ ಹೆಸರು ಮಡಿಚಿಕೊಳ್ಳುತ್ತಿತ್ತು, ಎದ್ದಾಗ ಬಿಚ್ಚಿಕೊಳ್ಳುತ್ತಿತ್ತು. ಅವನ ಕಣ್ಣು ಅಲ್ಲೇ ಹೋಗುತ್ತಿತ್ತು. ಬೆಳಿಗ್ಗೆ ಅಮ್ಮ ಬಕೆಟ್ಟಿನ ಮುಂದೆ ಕೂತು, "ನೀಲಿ ಬಟ್ಟೆ ಬಣ್ಣ ಬಿಡುತ್ತೆ ಕಣೋ, ಬಂದ ಮೇಲೆ ಬೇರೆಯಾಗೇ ನೆನೆಹಾಕ್ಬೇಕು," ಅಂದಿದ್ದಳು. ಬಾರದ ಶರ್ಟಿನ ಬಣ್ಣಕ್ಕೆ ಅವಳಿಗೆ ಆಗಲೇ ಭಯ.

ಇಪ್ಪತ್ತಾರು ಗಟ್ಟಿ ಮುಗಿಯಿತು. ಒಂದೊಂದು ಇಪ್ಪತ್ತೈದು ಕಿಲೋ.

ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಬಂದು ನಿಂತರು. ನಾಲ್ಕನೇ ಮಹಡಿಯವರು.

"ಯಾವಾಗ ಬಿಡ್ತೀರಪ್ಪ ಲಿಫ್ಟು?"

"ಈಗ ಆಯ್ತು ಅಜ್ಜಿ," ಅಂದ ಮೆಕ್ಯಾನಿಕ್. " ಆರುನೂರ ಎಂಬತ್ತು ಕಿಲೋ ದಾಟಿದ್ರೆ ಗಂಟೆ ಹೊಡೀಬೇಕು. ಹೊಡೀತಾ ಅಂತ ನೋಡ್ಬೇಕು, ಅಷ್ಟೇ."

"ಈ ಹುಡುಗ ಯಾರು? ಹೊಸಬನಾ?"

"ಇವನಾ? ಇವನೂ ತೂಕಾನೇ ಅಜ್ಜಿ. ಕಬ್ಬಿಣ ಸಾಲ್ದಾಗ ಹಾಕೋಕೆ."

ಅಜ್ಜಿ ನಕ್ಕು, ಮೆಟ್ಟಿಲ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅವನೂ ನಕ್ಕ. ಮಾತು ಸುಳ್ಳಾಗಿರಲಿಲ್ಲ.

"ಒಳಗೆ ಹತ್ತೋ," ಅಂದ ಮೆಕ್ಯಾನಿಕ್.

ಅವನು ಗಟ್ಟಿಗಳ ನಡುವಿನ ಸಂದಿಯಲ್ಲಿ ಕಾಲಿಟ್ಟು ನಿಂತ. ಗಂಟೆ ಹೊಡೆಯಲಿಲ್ಲ.

"ಇಳಿ. ಮತ್ತೆ ಹತ್ತು."

ಹತ್ತಿದ. ಏನೂ ಇಲ್ಲ. ಲಿಫ್ಟು ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಉಪವಾಸಾನಾ ಇವತ್ತು?"

ಅವನು ಭೌತಶಾಸ್ತ್ರದಲ್ಲಿ ಡಿಗ್ರಿ ಮಾಡಿದವನು. ತೂಕವೆಂದರೇನು ಎಂದು ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದಿದ್ದ. ತನಗೇ ತೂಕವಿಲ್ಲದಂತೆ ನಿಂತಾಗ ಆ ಎರಡು ಪುಟ ನೆನಪಿಗೆ ಬಂತು. ನೆಲದ ಹಲಗೆ ಎಷ್ಟು ಕುಗ್ಗುತ್ತದೆ, ಕೆಳಗಿನ ಸ್ವಿಚ್ಚು ಎಷ್ಟು ದೂರ, ಮನಸ್ಸಿನಲ್ಲೇ ಕೂಡಿಸಿ ಕಳೆದ.

"ಅಣ್ಣಾ, ಸ್ವಿಚ್ಚಿಗೂ ಹಲಗೆಗೂ ಅಂತರ ಜಾಸ್ತಿ ಆಗಿದೆ ಅನ್ಸುತ್ತೆ. ಹಲಗೆ ಕೆಳಗೆ ಎಡಗಡೆ ರಬ್ಬರ್ ಗಟ್ಟಿಯಾಗಿರ್ಬೇಕು, ಕುಗ್ತಾ ಇಲ್ಲ."

ಮೆಕ್ಯಾನಿಕ್ ಅವನನ್ನು ಒಂದು ಕ್ಷಣ ನೋಡಿದ. ಕರೆಂಟು ತೆಗೆದು, ಟಾರ್ಚ್ ಹಿಡಿದು ಕೆಳಗಿನ ಗುಂಡಿಗೆ ಇಳಿದ. ಸ್ಪ್ಯಾನರಿನ ಸದ್ದು ಬಹಳ ಹೊತ್ತು ಬಂತು. ಮೇಲೆ ಬಂದು ಕೈ ಒರೆಸಿಕೊಂಡ. ಕರೆಂಟು ಕೊಟ್ಟು, ಗದ್ದ ಎತ್ತಿ ಲಿಫ್ಟು ತೋರಿಸಿದ.

ಅವನು ಹತ್ತಿದ.

ಗಂಟೆ ಹೊಡೆಯಿತು. ಬಾಗಿಲು ಮುಚ್ಚದೆ ನಿಂತಿತು. ಇಳಿದ, ಗಂಟೆ ನಿಂತುಹೋಯಿತು. ಹತ್ತಿದ, ಹೊಡೆಯಿತು. ಹೇಳದೆಯೇ ಇನ್ನೊಂದು ಸಲ ಇಳಿದು ಹತ್ತಿದ. ಇಷ್ಟು ದಿನದಲ್ಲಿ ಅವನು ಬಂದನೆಂದು ಯಾರೂ ಇಷ್ಟು ಗಟ್ಟಿಯಾಗಿ ಕೂಗಿರಲಿಲ್ಲ.

"ಸಾಕೋ, ಕಿವಿ ಹೋಗುತ್ತೆ," ಅಂದರು ಅಜ್ಜಿ.

ಮೆಕ್ಯಾನಿಕ್ ಗೋಡೆಗೆ ಕಾಗದ ಒತ್ತಿ ಹಿಡಿದು ವರದಿ ಬರೆಯತೊಡಗಿದ. ಅವನು ಹತ್ತಿರ ಹೋಗಿ ನಿಂತ. ಮೊದಲ ಸಾಲಿನಲ್ಲಿ ಮೆಕ್ಯಾನಿಕ್ ತನ್ನ ಹೆಸರು ಬರೆದ. ಎರಡನೆಯದರಲ್ಲಿ ಪೆನ್ನು ನಿಲ್ಲದೆ ಹೆಲ್ಪರ್‌ನ ಹೆಸರು ಬರೆಯಿತು.

"ಅಣ್ಣಾ, ಅವರು ಬಂದಿಲ್ಲವಲ್ಲ."

"ಬಂದಿಲ್ಲ ಅಂತ ಬರೆದ್ರೆ ಅವನ ಇವತ್ತಿನ ದಿನದ ಸಂಬಳ ಹೋಗುತ್ತೆ. ಹೆಂಡ್ತಿ ಆಸ್ಪತ್ರೇಲಿ ಇದಾಳೆ."

"ಮೂರನೇದಾಗಿ ನನ್ನದು…"

"ಮೂರನೇ ಸಾಲು ಎಲ್ಲಿದೆ? ತೋರ್ಸು."

"ಪಕ್ಕದಲ್ಲಿ ಬರೀಬಹುದು."

"ಪಕ್ಕದಲ್ಲಿ ಗೀಚಿದ್ರೆ ಇನ್ಸ್‌ಪೆಕ್ಟರ್ ಹಿಂದಕ್ಕೆ ಎಸೀತಾನೆ. ನಿಂಗ್ಯಾಕೋ ಇದೆಲ್ಲ? ಸ್ಟೈಪೆಂಡ್ ಹೆಂಗೂ ಬರುತ್ತಲ್ಲ."

ಐದು ಗಂಟೆಯ ವಿಷಯ ಹೇಳಬೇಕೆಂದುಕೊಂಡ. ಬಾಯಿಗೆ ಬಂದದ್ದು, "ಬರುತ್ತೆ."

ಅವನ ಮುಖ ನೋಡಿ ಮೆಕ್ಯಾನಿಕ್‌ಗೆ ಏನೋ ಅನ್ನಿಸಿರಬೇಕು. "ನಿನ್ನನ್ನೇನು ಬಿಟ್ಟಿಲ್ಲ ಕಣೋ. ಇಲ್ನೋಡು."

ಹೇರಿದ ತೂಕ ಎಂಬಲ್ಲಿ ಬರೆದಿತ್ತು: ಕಬ್ಬಿಣ 650. ಇತರೆ 60.

"ಅರವತ್ತೊಂದು," ಅಂದ ಅವನು.

"ಒಂದು ಕಿಲೋ ತಾನೇ, ಇರ್ಲಿ ಬಿಡು. ಗಟ್ಟಿ ತೆಗ್ದು ಆಚೆ ಇಡು, ವ್ಯಾನ್ ಗೇಟ್ ಹತ್ರ ತರ್ತೀನಿ. ಬಾಗ್ಲು ಮುಚ್ಕೊಂಡ್ರೆ ತೆಗೆಯೋಕೆ ಒಳಗಿನ ಗುಂಡಿ ಒತ್ತು. ಎರಡು ನಿಮಿಷ ಯಾರೂ ಒತ್ತದಿದ್ರೆ ದೀಪ ಫ್ಯಾನು ಎಲ್ಲ ಆರುತ್ತೆ. ಒಳಗೆ ಯಾರೂ ಇಲ್ಲ ಅಂದ್ಕೊಳ್ಳುತ್ತೆ ಅದು. ಕರೆಂಟ್ ಉಳಿಸೋಕೆ."

ಇಪ್ಪತ್ತೈದು ಗಟ್ಟಿಗಳನ್ನು ಒಂದೊಂದಾಗಿ ಹೊರಗೆ ಸಾಗಿಸಿದ. ಹೆಲ್ಪರ್‌ಗೆ ಗಂಡೋ ಹೆಣ್ಣೋ. ಆ ಮನುಷ್ಯನ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದ, ಬರಲಿಲ್ಲ. ಬಂದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಮನೆಯಲ್ಲಿ ಅಮ್ಮ ಕದ ತೆಗೆದು ಮೊದಲು ಅವನ ಕೈ ನೋಡುತ್ತಾಳೆ, ಬಟ್ಟೆಯ ಪೊಟ್ಟಣ ಇದೆಯೇ ಎಂದು.

ಇಪ್ಪತ್ತಾರನೆಯದಕ್ಕೆ ಬಗ್ಗಿದವನು ಅದರ ಮೇಲೆಯೇ ಕೂತ. ಸ್ವಲ್ಪ ಹೊತ್ತು ಅಂತ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಎದುರಿನ ಸ್ಟೀಲಿನ ಹಾಳೆಯಲ್ಲಿ ಒಬ್ಬ ಮಸುಕಾಗಿ ಕೂತಿದ್ದ, ಹೆಸರಿಲ್ಲದ ಅಂಗಿ.

ಫ್ಯಾನು ನಿಂತಿತು. ಆಮೇಲೆ ದೀಪ ಆರಿತು.

ಹೊರಗೆ ವ್ಯಾನಿನ ಬಾಗಿಲು ಬಡಿದ ಸದ್ದು. ಚಪ್ಪಲಿಯ ಸದ್ದು ಹತ್ತಿರ ಬಂತು.

"ಸ್ಟೈಪೆಂಡೂ! ಎಲ್ಲೋಗಿ ಸತ್ತ್ಯೋ?"

"ಆ ಹುಡುಗ ಒಳಗಿದಾನೇನಪ್ಪ? ನಂಗೆ ತೂಕಡಿಕೆ ಬಂದ್ಬಿಟ್ಟಿತ್ತು," ಅಜ್ಜಿಯ ದನಿ.

"ಇಲ್ಲ ಅಜ್ಜಿ, ದೀಪ ಆರಿದೆ ನೋಡಿ, ಸಂದೀಲಿ ಬೆಳಕಿಲ್ಲ. ಎಲ್ಲೋ ಟೀ ಕುಡಿಯೋಕೆ ಹೋಗಿರ್ಬೇಕು. ಒಂದ್ನಿಮಿಷ, ಗುಂಡಿ ಒತ್ಬೇಡಿ. ಗಟ್ಟಿ ಎಣಿಸ್ಕೋತೀನಿ, ಒಂದು ಕಮ್ಮಿ ಕಾಣ್ತಿದೆ."

ಕತ್ತಲಲ್ಲಿ ಅವನ ಬೆರಳು ಗೋಡೆ ಸವರಿ ಗುಂಡಿಯನ್ನು ಕಂಡುಕೊಂಡಿತು. ತಣ್ಣಗಿತ್ತು. ಒತ್ತಲಿಲ್ಲ. ಇನ್ನೊಂದು ಸಲ ಕರೆಯಲಿ, ಸರಿಯಾದ ಹೆಸರಿನಿಂದ, ಎಂದು ಕಾದ. ಕೂತ ಕಬ್ಬಿಣ ಬೆಚ್ಚಗಾಗಿತ್ತು. ಹೊರಗೆ ಮೆಕ್ಯಾನಿಕ್ ಎಣಿಸುತ್ತಿದ್ದ.

"ಇಪ್ಪತ್ಮೂರು… ಇಪ್ಪತ್ನಾಲ್ಕು… ಇಪ್ಪತ್ತೈದು…"