ಧನಲಕ್ಷ್ಮಿಯ ಅಪ್ಪನಿಗೆ ಹೋದ ಮೆಸೇಜು

ಕೆ.ಆರ್. ಪುರದ ಆ ಖಾಸಗಿ ಹೈಸ್ಕೂಲಿಗೆ ಎರಡು ಸಾವಿರದ ಆರರಲ್ಲಿ ಹೊಸ ಸಾಫ್ಟ್‌ವೇರ್ ಬಂತು. ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಗಲಾಟೆ ಮಾಡಿದ ಮಕ್ಕಳ ಹೆಸರಿನ ಮುಂದೆ ಗುಂಡಿ ಒತ್ತಿದರೆ ಸಾಕು, ಸಾಫ್ಟ್‌ವೇರ್ ಕಂಪನಿಯವರು ಮೊದಲೇ ಬರೆದಿಟ್ಟ ಒಂದು ಇಂಗ್ಲಿಷ್ ಸಾಲು ಅಪ್ಪನ ಮೊಬೈಲಿಗೆ ಮೆಸೇಜಾಗಿ ಹೋಗುತ್ತಿತ್ತು. ಒಂಬತ್ತನೇ ತರಗತಿಗೆ ಗಣಿತ ಹೇಳುತ್ತಿದ್ದ ಸಂಹಿತಾಗೆ ಅದು ವರವಾಗಿಯೇ ಕಂಡಿತು. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಗದರಿದರೆ ಹಿಂದಿನ ಬೆಂಚಿನವರು ನಗುತ್ತಿದ್ದರು. ಗುಂಡಿ ಒತ್ತತೊಡಗಿದ ಮೇಲೆ ಕ್ಲಾಸು ತೆಪ್ಪಗಾಯಿತು.

ಬಾಯಿ ಮುಚ್ಚದವಳೆಂದರೆ ಧನಲಕ್ಷ್ಮಿ ಒಬ್ಬಳೇ. ಪಕ್ಕದವಳ ಜೊತೆ ಹರಟೆ, ನಡುನಡುವೆ ಲೆಕ್ಕದ ಮೇಲೆ ಪ್ರಶ್ನೆ. ಸಂಹಿತಾ ಮತ್ತೆ ಮತ್ತೆ ಗುಂಡಿ ಒತ್ತಿದಳು. ಒಂದು ಸೋಮವಾರ ಹುಡುಗಿ ಬರಲಿಲ್ಲ. ಮರುದಿನವೂ ಇಲ್ಲ.

"ಅವ್ಳಿನ್ನ ಬರಲ್ವಂತೆ ಮಿಸ್. ಮನೇಲಿ ಗಂಡು ನೋಡ್ತಾವ್ರೆ" ಎಂದಳು ಪಕ್ಕದ ಬೆಂಚಿನ ಗೆಳತಿ.

ಸಂಜೆಯೇ ಸಂಹಿತಾ ಮಾರತ್ತಹಳ್ಳಿಯ ಬಸ್ಸು ಹತ್ತಿದಳು. ಜಂಕ್ಷನ್ನಿನ ಹಿಂದಿನ ಹಳೇ ಊರಿನಲ್ಲಿ ಧನಲಕ್ಷ್ಮಿಯ ಮನೆ ಸಿಕ್ಕಿತು. ಹುಡುಗಿಯ ಅಪ್ಪ ಕೆಂಪರಾಜ್ ಜಗಲಿಯ ಮೇಲೆ ಕೂತಿದ್ದ. ತಾನು ಗಣಿತದ ಟೀಚರ್ ಎಂದು ಸಂಹಿತಾ ಹೇಳಿಕೊಂಡಳು.

"ಮೆಸೇಜ್ ಕಳ್ಸಿದ್ದು ನೀವೇ ಅಲ್ವಾ ಮೇಡಂ? ನಂಗೆ ಇಂಗ್ಲಿಷ್ ಬರಲ್ಲ. ಟೀ ಅಂಗಡೀಲಿ ಓದ್ಸಿದೆ. 'ನಿನ್ ಮಗ್ಳು ಕೆಟ್ಟದಾಗಿ ನಡ್ಕೊಂಡವ್ಳೆ' ಅಂತ ಅಲ್ಲಿದ್ದೋನೊಬ್ಬ ಎಲ್ರೆದುರು ಓದ್ಬಿಟ್ಟ. ಹುಡುಗ್ರು ಇರೋ ಸ್ಕೂಲು. ಅವ್ರೆಲ್ಲ ಏನ್ ಅಂದ್ಕೋತಾರೆ ಹೇಳಿ?"

ಸಂಹಿತಾ ಜಗಲಿಯ ಹತ್ತಿರ ಬಂದಳು. "ಅಯ್ಯೋ, ಅವಳು ಪಾಠದ ಮಧ್ಯೆ ಮಾತಾಡಿದ್ಲು, ಅಷ್ಟೇರೀ!"

"ಮಾತಾಡಿದ್ಕೆಲ್ಲ ಹಂಗ್ ಬರೀತಾರಾ? ಈಗ ಮುಚ್ಚಾಕಕ್ ಬಂದಿದೀರ."

"ನಾನೂ ಅದನ್ನೇ ಬಡ್ಕೊಂಡೆ ಕಣಮ್ಮ, ಮಗು ಅಂಥದ್ದಲ್ಲ ಅಂತ" ಎಂದು ಒಳಗಿನಿಂದ ಅಜ್ಜಿ ಮಾರಕ್ಕ ಹೇಳಿದಳು. ಅವಳ ಬೆನ್ನ ಹಿಂದೆ ಧನಲಕ್ಷ್ಮಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

"ಊರೆಲ್ಲ ಹಬ್ಬಿರೋದನ್ನ ನೀವೊಬ್ರು ಅಳಿಸ್ತೀರಾ?" ಎಂದ ಕೆಂಪರಾಜ್.

"ಅಳಿಸ್ತೀನಿ. ಅಲ್ಲೀವರೆಗೂ ಗಂಡು ನೋಡ್ಬೇಡಿ" ಎಂದು ಸಂಹಿತಾ ಹೊರಟಳು.

ಮರುದಿನ ಸಂಹಿತಾ ಎಲ್ಲವನ್ನೂ ಹೇಳಿದಾಗ ಹೆಡ್‌ಮಾಸ್ಟರ್ ಭಗವಂತರಾಯರು ಕೈ ಕೊಡವಿಬಿಟ್ಟರು. "ಆ ಸಾಲು ಕಂಪನಿಯವರದು ಕಣಮ್ಮ. ಒಬ್ಬ ತಪ್ಪು ತಿಳ್ಕೊಂಡ್ರೆ ನಾವೇನ್ ಮಾಡೋಣ?"

"ಸಾಲು ಬದಲಾಗ್ಬೇಕು ಸಾರ್. ನೀವೂ ಆ ಟೀ ಅಂಗಡಿಗೆ ಬಂದು ನಿಜ ಹೇಳ್ಬೇಕು. ಅಲ್ಲೀವರೆಗೆ ನಾನು ಆ ಗುಂಡಿ ಮುಟ್ಟಲ್ಲ."

"ಕೆಲಸ ಬೇಕೋ ಬೇಡ್ವೋ ನಿಮಗೆ?"

"ಬೇಕು ಸಾರ್" ಎಂದಳು. ಆದರೆ ಅಲ್ಲಿಂದ ಕದಲಲಿಲ್ಲ.

ಆಮೇಲೆ ದಿನವೂ ಪ್ರಾರ್ಥನೆ ಮುಗಿದೊಡನೆ ಅವರ ಬಾಗಿಲಲ್ಲಿ ನಿಲ್ಲುತ್ತಿದ್ದಳು. ರಾಯರು ಬೈದರು, ಫೈಲಿನಲ್ಲಿ ಮುಖ ಹುದುಗಿಸಿದರು. ಕೊನೆಗೊಂದು ದಿನ, "ಅಲ್ಲಮ್ಮ, ನಮ್ಮ ಮಗಳ ಬಗ್ಗೆ ಹೀಗೆ ಬಂದಿದ್ರೆ ಏನ್ ಮಾಡ್ತಿದ್ರಿ ಅಂತ ರಾತ್ರಿ ಮನೆಯವಳು ಕೇಳಿಬಿಟ್ಳು" ಎಂದು ಸ್ಕೂಟರಿನ ಕೀಲಿ ಎತ್ತಿಕೊಂಡರು.

ಟೀ ಅಂಗಡಿ ತುಂಬಿತ್ತು. ಕೆಂಪರಾಜನೂ ಇದ್ದ. ರಾಯರು ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು: "ಧನಲಕ್ಷ್ಮಿ ಪಾಠದ ಹೊತ್ತಲ್ಲಿ ಮಾತಾಡಿದ್ಲು. ಬೇರೆ ಏನೂ ಇಲ್ಲ. ಮೆಸೇಜು ಕಳಿಸಿದ್ದು ನಾವು, ತಪ್ಪೂ ನಮ್ಮದು."

ಸಂಹಿತಾ ಕೆಂಪರಾಜನ ಮುಖ ನೋಡಿದಳು. ಆತ ಅಂಗಡಿಯವನ ಕಡೆ ತಿರುಗಿ, "ಇವ್ರಿಬ್ರಿಗೂ ಟೀ ಕೊಡಪ್ಪ" ಎಂದ.

ಕಂಪನಿಯವರು ಸಾಲು ಬದಲಿಸಿದರು. ಏನು ನಡೆಯಿತೆಂದು ಬಿಡಿಸಿ ಬರೆಯದೆ ಮೆಸೇಜು ಹೋಗದಂತಾಯಿತು. ಸಂಹಿತಾ ಮಾತ್ರ ಕಂಪ್ಯೂಟರಿನ ಮುಂದೆ ಕೂರುವುದನ್ನೇ ಕಡಿಮೆ ಮಾಡಿದಳು. ಕ್ಲಾಸಿನಲ್ಲಿ ಗದ್ದಲ ಮರಳಿತು. ಅವಳು ಹಿಂದಿನ ಬೆಂಚಿನ ಪಕ್ಕವೇ ನಿಂತು ಪಾಠ ಹೇಳಲು ಕಲಿತಳು.

ಗಂಡು ನೋಡುವುದು ನಿಂತು ಧನಲಕ್ಷ್ಮಿ ಸ್ಕೂಲಿಗೆ ಮರಳಿದಳು, ಆದರೆ ತುಟಿ ಬಿಚ್ಚಲಿಲ್ಲ. ಸಂಹಿತಾ ಬಿಡಲಿಲ್ಲ, ದಿನವೂ ಅವಳನ್ನೇ ಬೋರ್ಡಿಗೆ ಕರೆದಳು. ಒಂದು ಮಧ್ಯಾಹ್ನ ಸೀಮೆಸುಣ್ಣ ಹಿಡಿದ ಹುಡುಗಿ ತಿರುಗಿ, "ಮಿಸ್, ನೀವ್ ಮಾಡಿರೋ ಲೆಕ್ಕ ತಪ್ಪು" ಎಂದಳು.

ಲೆಕ್ಕ ತಪ್ಪಿರಲಿಲ್ಲ. ಗಂಟೆ ಹೊಡೆಯುವವರೆಗೂ ಇಬ್ಬರೂ ವಾದ ಮಾಡಿದರು.